ಅದು 34 ಅಡಿ ಅಲ್ಲ, ಮೀಟರ್!

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಕಂಡ ‘ವಿಚಿತ್ರ ಗೆರೆ’ಗಳ ಬಗ್ಗೆ ನೀವು ಸೋಮವಾರ ಹಾಕಿದ ಸುದ್ದಿ ಓದಿದೆ. ಆ ಗೆರೆ ಎಳೆದವನು ನಾನೇ. ನಾನು, ನನ್ನ ಅಕ್ಕನ ಮಗ, ಅವನ ಮೂವರು ಗೆಳೆಯರು. ಅದು ಮಾಟವೂ ಅಲ್ಲ, ಮಂತ್ರವೂ ಅಲ್ಲ. ದುಂಡಗಿದ್ದು ಮುಂದೆ ಎರಡು ಕೊಂಬು ಇದ್ದ ಮಾತ್ರಕ್ಕೆ ದೆವ್ವ ಆಗಿಬಿಡುವುದಿಲ್ಲ. ಅದು ಮಿಲೇನಿಯಂ ಫಾಲ್ಕನ್. 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಆಕಾಶನೌಕೆ. ಸುದ್ದಿಯ ಕೊನೆಗೆ ನೀವೂ ಅದನ್ನು ಬರೆದಿದ್ದೀರಿ, ‘ಇಂಗ್ಲಿಷ್ ಸಿನಿಮಾವೊಂದರ 34 ಅಡಿ ಉದ್ದದ ವಿಮಾನ ಎನ್ನಲಾಗಿದೆ’ ಅಂತ. ಮಾಟ ಅಂದಿದ್ದನ್ನು ಬೇಕಾದರೆ ಬಿಡುತ್ತೇನೆ. ಈ 34 ಅಡಿ ಅಂದಿದ್ದನ್ನು ಬಿಡಲು ಆಗುವುದಿಲ್ಲ.

ಅದು 34.75 ಮೀಟರ್. ಅಡಿಯಲ್ಲಿ ಹೇಳಿದರೆ 114. ನಿಮ್ಮ ವರದಿಗಾರರಿಗೆ ನಾನೇ ಎರಡು ಸಲ ‘ಮೀಟರ್’ ಅಂತ ಹೇಳಿದ್ದೆ. ಅವರು ತಲೆಯಾಡಿಸಿ ಬರೆದುಕೊಂಡರು. 34 ಅಡಿ ಅಂದರೆ ಒಂದು ಸಾರಿಗೆ ಬಸ್ಸಿನಷ್ಟೂ ಆಗುವುದಿಲ್ಲ. ನಾನು ಜೀನ್ಸ್ ಕಟಿಂಗ್ ಮಾಸ್ಟರ್. ಸೊಂಟ ಅರ್ಧ ಇಂಚು ಹೆಚ್ಚುಕಮ್ಮಿ ಆದರೆ ಇಡೀ ಲಾಟ್ ವಾಪಸ್ ಬರುತ್ತದೆ, ದುಡ್ಡು ನನ್ನ ಕೂಲಿಯಲ್ಲಿ ಮುರಿಯುತ್ತಾರೆ. ನೀವು 80 ಅಡಿ ನುಂಗಿದ್ದೀರಿ. ನಿಮ್ಮ ಕೂಲಿ ಯಾರು ಮುರಿಯಬೇಕು?

ನಾವು ಯಾಕೆ ಗೆರೆ ಎಳೆದೆವು ಅಂತ ಯಾರೂ ಕೇಳಲಿಲ್ಲ, ಅದಕ್ಕೇ ಹೇಳುತ್ತೇನೆ. ಈ ನೌಕೆಯ ಉದ್ದದ ಬಗ್ಗೆ ಅಭಿಮಾನಿಗಳಲ್ಲಿ ಬಹಳ ಹಳೇ ಜಗಳ ಇದೆ. ಹಳೆಯ ಕೈಪಿಡಿಗಳಲ್ಲಿ 26.7 ಮೀಟರ್ ಅಂತ ಇತ್ತು. ಆಮೇಲೆ 34.75 ಬಂತು. ಜಗಳಕ್ಕೆ ಕಾರಣ ಸಿನಿಮಾದವರೇ. ಒಳಗಿನ ಓಣಿ, ಕೋಣೆ ಎಲ್ಲ ಬೇರೆ ಸೆಟ್. ಹೊರಗಿನ ನೌಕೆ ಬೇರೆ. ಮೊದಲ ಸಿನಿಮಾಕ್ಕೆ ಅರ್ಧ ನೌಕೆ ಮಾತ್ರ ಕಟ್ಟಿದ್ದರು. ಎರಡನೆಯದಕ್ಕೆ 1979ರಲ್ಲಿ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ಪೂರ್ತಿ ಕಟ್ಟಿಸಿದರು. ಅದರೊಳಗೂ ಪರದೆ ಮೇಲೆ ಕಾಣುವ ಕೋಣೆಗಳು ಹಿಡಿಸುವುದಿಲ್ಲ. ಒಳ ಅಳತೆಗೂ ಹೊರ ಅಳತೆಗೂ ತಾಳೆಯೇ ಇಲ್ಲ. ಬಟ್ಟೆ ಕತ್ತರಿಸುವವನಿಗೆ ಇದು ಎಷ್ಟು ಕಾಡುತ್ತದೆ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ. ಹುಡುಗನಾಗಿದ್ದಾಗ ಬಾಡಿಗೆ ವಿಸಿಆರ್‌ನಲ್ಲಿ ಆ ಸಿನಿಮಾ ನೋಡಿದ ದಿನದಿಂದ ಇದು ನನ್ನ ತಲೆಯಲ್ಲಿದೆ. ಅಕ್ಕನ ಮಗ 26.7 ಅಂತಾನೆ. ನಾನು 34.75 ಅಂತೀನಿ. ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು. ಸರಿ, ನೆಲದ ಮೇಲೆ ನಿಜವಾದ ಅಳತೆಯಲ್ಲೇ ಬರೆದು, ಒಳಗೆ ನಡೆದಾಡಿ ನೋಡಿಬಿಡೋಣ ಅಂದುಕೊಂಡೆವು.

ಬಳ್ಳಾರಿ ಬಿಸಿಲು ನಿಮಗೂ ಗೊತ್ತು. ಅದಕ್ಕೆ ನಾಲ್ಕೂವರೆಗೆ ಎದ್ದೆವು. ಖೋ ಖೋ ಅಂಕಣಕ್ಕೆ ಹಾಕುವ ಸುಣ್ಣದ ಪುಡಿ ಎರಡು ಚೀಲ, ನನ್ನ ದುಡ್ಡು. 30 ಮೀಟರಿನ ಟೇಪು, ಒಬ್ಬ ಮೇಸ್ತ್ರಿಯಿಂದ ಕೇಳಿ ತಂದಿದ್ದು. ನೌಕೆ ಟೇಪಿಗಿಂತ ಉದ್ದ, ಹಾಗಾಗಿ ಗೂಟ ಹೊಡೆದು ಎರಡೆರಡು ಸಲ ಅಳೆದೆವು. ಅಗಲ 25.61. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿದೆ. ಇವತ್ತಿಗೂ ಟೇಬಲ್ ಮುಂದೆ ನಿಂತು ಬಟ್ಟೆ ಕತ್ತರಿಸಲು ಕಷ್ಟ. ಮೊದಲು 26.7ರ ಗೆರೆಯೊಳಗೆ ಸುತ್ತುವ ಓಣಿ, ನಡುಕೋಣೆ, ಬಲಗಡೆ ಕಾಕ್‌ಪಿಟ್ ಬರೆದೆವು. ಐದು ಜನ ನಿಂತರೆ ಸಿನಿಮಾದಲ್ಲಿ ಓಡಾಡುವಷ್ಟು ಜಾಗವೇ ಇಲ್ಲ! ಅಕ್ಕನ ಮಗನ ಮುಖ ಸಣ್ಣದಾಯಿತು. ಆಮೇಲೆ 34.75ರ ಹೊರಗೆರೆ ಮುಗಿಸಿದೆವು. ಒಳಗಿನ ಕೋಣೆ ಬರೆಯಬೇಕು, ಅಷ್ಟರಲ್ಲಿ ಟ್ಯಾಂಕರ್ ಬಂತು.

ಟ್ಯಾಂಕರ್, ಸಂಪಾದಕರೇ! ನಮ್ಮ ಓಣಿಗೆ ನಲ್ಲಿ ನೀರು ಬಂದು ಹನ್ನೊಂದು ದಿನ ಆಗಿತ್ತು. ಟ್ಯಾಂಕರ್ ಕಳಿಸಿ ಅಂತ ನನ್ನ ಹೆಂಡತಿ ನಾಲ್ಕು ಸಲ ಫೋನ್ ಮಾಡಿದ್ದಳು. ‘ಡ್ರೈವರ್ ಇಲ್ಲ’ ಅಂದಿದ್ದರು. ಸುಣ್ಣದ ಗೆರೆ ತೊಳೆಯಲು ಮುಕ್ಕಾಲು ಗಂಟೆಯಲ್ಲಿ ಡ್ರೈವರ್ ಹುಟ್ಟಿಬಂದ. ಜೊತೆಗೆ ಒಬ್ಬ ಅಧಿಕಾರಿಯೂ ಬಂದರು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಧಿಕಾರಿಯ ದರ್ಶನ, ನಮ್ಮ ಪುಣ್ಯ. ‘ಸರ್, ಇನ್ನು ಒಂದೇ ಗಂಟೆ’ ಅಂತ ಕೈಮುಗಿದೆ. ಕೇಳಲಿಲ್ಲ. ಕಣ್ಣೆದುರೇ ಪೈಪ್ ಹಿಡಿಸಿದರು. ಮನೆಯಲ್ಲಿ ಕುಡಿಯಲು ಇಲ್ಲದ ನೀರು ಮೈದಾನದಲ್ಲಿ ಹರಿದು ಹೋಯಿತು. ನನ್ನ ಅರ್ಧ ಸಾಕ್ಷಿಯೂ ಅದರ ಜೊತೆ ಹೋಯಿತು. ಈಗ ಅಕ್ಕನ ಮಗ, ‘ಮಾಮಾ, ದೊಡ್ಡದರಲ್ಲಿ ಕೋಣೆ ಹಿಡಿಸುತ್ತೆ ಅಂತ ನೀವು ತೋರಿಸಲಿಲ್ಲವಲ್ಲ’ ಅಂತಾನೆ. ಅವನ ಮಾತು ಸರಿಯೇ. ಏನು ಹೇಳಲಿ?

ಸುದ್ದಿ ಬಂದ ಮೇಲೆ ಇನ್ನೂ ಜಾಸ್ತಿ ಆಯಿತು. ಹಾಲಿನ ಅಂಗಡಿಯವರು ‘ಮಾಸ್ಟ್ರೇ, ಯಾರಿಗೆ ಮಾಡಿಸಿದ್ರಿ?’ ಅಂತ ಕೇಳುತ್ತಾರೆ. ಸಿರುಗುಪ್ಪದಿಂದ ನನ್ನ ಭಾವ ಫೋನ್ ಮಾಡಿ ಬೈದರು. ಎದುರು ಮನೆಯವರು ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾರೆ.

ಅಳತೆಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಓಣಿಯ ಚರಂಡಿ ಕಾಗದದಲ್ಲಿ ಮೂರು ಅಡಿ ಅಗಲ ಇದೆ. ನಾನೇ ನನ್ನ ಟೇಪು ಹಿಡಿದು ಅಳೆದೆ, ಒಂದೂ ಮುಕ್ಕಾಲು ಅಡಿ. ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆಯಿತು. ಉತ್ತರ ಇಲ್ಲ. ಇದೇ ಸ್ಟಾರ್ ವಾರ್ಸ್‌ನ ಎರಡನೇ ಸಿನಿಮಾದಲ್ಲಿ ಎಕ್ಸಿಕ್ಯೂಟರ್ ಅಂತ ಇನ್ನೊಂದು ನೌಕೆ ಇದೆ. ಮೊದಲು ಅದನ್ನು 8 ಕಿಲೋಮೀಟರ್ ಅಂತ ಪುಸ್ತಕದಲ್ಲಿ ಬರೆದಿದ್ದರು. ಅಭಿಮಾನಿಗಳು ಚಿತ್ರದ ಮೇಲೆ ಸ್ಕೇಲ್ ಇಟ್ಟು, ಪಕ್ಕದ ನೌಕೆ ಜೊತೆ ಹೋಲಿಸಿ, ವರ್ಷಗಟ್ಟಲೆ ಜಗಳ ಆಡಿದರು. ಕೊನೆಗೆ ಅದು 19 ಕಿಲೋಮೀಟರ್ ಆಯಿತು. ಬಳ್ಳಾರಿಯಿಂದ ಹೊರಟರೆ ಕುಡಿತಿನಿ ಹತ್ತಿರಕ್ಕೆ ಹೋಗುವಷ್ಟು ಉದ್ದ. ಇಲ್ಲದೇ ಇರುವ ನೌಕೆಯ ಅಳತೆಯನ್ನು ಜನ ಕೇಳಿದರು ಅಂತ ತಿದ್ದುತ್ತಾರೆ. ಇರುವ ಚರಂಡಿಯ ಅಳತೆ ತಿದ್ದಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ. ತುಂಗಭದ್ರಾ ಡ್ಯಾಂ ನೋಡಿ. ಕಟ್ಟಿದಾಗ 133 ಟಿಎಂಸಿ. ಹೂಳು ತುಂಬಿ ಈಗ 105ರ ಆಸುಪಾಸು. ಮತ್ತೆ ಮತ್ತೆ ಅಳೆದಿದ್ದರಿಂದಲೇ ಅಲ್ವಾ ಅದು ಗೊತ್ತಾಗಿದ್ದು? ಅಳೆಯುವುದು ಹುಚ್ಚಾಟ ಅಂತ ನಿಮ್ಮ ಸುದ್ದಿಯಲ್ಲಿ ಯಾಕೆ ಬರೆದಿರಿ?

ಹಾಗಾಗಿ ನೀವು ತಿದ್ದುಪಡಿ ಹಾಕಬೇಕು. ಒಳಪುಟದ ಮೂಲೆಯಲ್ಲಿ ಅಲ್ಲ, ಸುದ್ದಿ ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘34.75 ಮೀಟರ್’ ಅಂತ. ಮಾಟ ಅಲ್ಲ ಅಂತಲೂ ಹಾಕಿ, ನನ್ನ ಹೆಂಡತಿ ಕೇಳಿದ್ದಾಳೆ. ಸಂಬಂಧಪಟ್ಟವರು ನಮಗೆ ಇನ್ನೊಂದು ಭಾನುವಾರ ಮೈದಾನ ಬಿಟ್ಟುಕೊಡಬೇಕು. ನೀರು ಬಿಡಬೇಕು. ಚರಂಡಿ ನೋಡಬೇಕು. ಯಾರಿಗೆ ಹೇಳಬೇಕೋ ಅವರಿಗೆ ನೀವೇ ಹೇಳಿ, ನಾನು ಹೇಳಿ ಸಾಕಾಗಿದೆ.

ಆ ಅಧಿಕಾರಿ ಹೋಗುವಾಗ ನಮ್ಮ ಟೇಪನ್ನೂ ಜೀಪಿಗೆ ಹಾಕಿಕೊಂಡು ಹೋದರು. ಮೇಸ್ತ್ರಿ ದಿನಾ ಬಂದು ಕೇಳುತ್ತಿದ್ದಾರೆ. ಚರಂಡಿ ಅಳೆಯಲು ಒಂದು ದಿನ ಬರದವರಿಗೆ ಟೇಪು ಯಾಕೆ ಬೇಕು? ಮೊದಲು ಅದನ್ನು ವಾಪಸ್ ಕೊಡಲಿ.

– ಒಬ್ಬ ಕಟಿಂಗ್ ಮಾಸ್ಟರ್, ಬಳ್ಳಾರಿ