ಜೈಸಲ್ಮೇರ್ ಪ್ರವಾಸದಲ್ಲಿ ಈ ಸಲ ಏನು ಬದಲಾಗಿದೆ, ಯಾಕೆ ಬದಲಾಗಿದೆ

ನಮ್ಮ ಎಲ್ಲ ಗ್ರಾಹಕರಿಗೂ ಮುಂಬಯಿಯ ಮಾಟುಂಗಾ ಪ್ರವಾಸ ಕಚೇರಿಯಿಂದ ನಮಸ್ಕಾರ.

ಕಹಿ ಸುದ್ದಿ ಮೊದಲು ಹೇಳಿಬಿಡುತ್ತೇವೆ. ಜೈಸಲ್ಮೇರ್ ಪ್ರವಾಸದ ದರ ಈ ಚಳಿಗಾಲದಿಂದ ತಲೆಗೆ 21,500 ರೂಪಾಯಿಯಿಂದ 25,800ಕ್ಕೆ ಏರುತ್ತದೆ. ಆರು ದಿನದ ಪ್ರವಾಸ ಏಳು ದಿನದ್ದಾಗುತ್ತದೆ. ಕೋಟೆಯೊಳಗೆ ಉಳಿಯುವುದು, ಮರಳುದಿಬ್ಬದ ಮೇಲೆ ಜೀಪ್ ಓಟ, ಡಿಜೆ ರಾತ್ರಿ, ಈ ಮೂರೂ ಇನ್ನು ಮುಂದೆ ಇಲ್ಲ. "ಜಾಸ್ತಿ ದುಡ್ಡು ತಗೊಂಡು ಇದ್ದದ್ದನ್ನೂ ಕಿತ್ಕೊಳ್ತೀರಾ?" ಅಂತ ಈಗಾಗಲೇ ಇಬ್ಬರು ಫೋನ್ ಮಾಡಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಚಹಾ ಕುಡಿಯುತ್ತಾ ಓದಿ.

ಇದೆಲ್ಲ ಶುರುವಾದದ್ದು ಕಳೆದ ಜನವರಿಯಲ್ಲಿ. 32 ಜನರ ಬ್ಯಾಚು. ಸಮ್ ದಿಬ್ಬಗಳ ಹತ್ತಿರ ಒಂದು ಕ್ಯಾಂಪಿನಲ್ಲಿ ರಾತ್ರಿ ವಾಸ. ಸಂಜೆ ಇಬ್ಬರು ಮಾಂಗಣಿಯಾರ್ ಗಾಯಕರು ಬಂದು ಕೂತರು. ಒಬ್ಬರ ಕೈಯಲ್ಲಿ ಖಡತಾಲ್ ಅನ್ನುವ ಮರದ ತಾಳ, ವಯಸ್ಸಾದ ಇನ್ನೊಬ್ಬರ ಮಡಿಲಲ್ಲಿ ಕಮಾಯ್ಚಾ. ಎರಡು ಹಾಡು ಮುಗಿದಿತ್ತೋ ಇಲ್ಲವೋ, ಕ್ಯಾಂಪಿನವನೊಬ್ಬ ಬಂದು ಸಾಕು ಅಂತ ಕೈಸನ್ನೆ ಮಾಡಿದ. ಆಮೇಲೆ ಸ್ಪೀಕರಿನಲ್ಲಿ ನಮ್ಮ ಗಣಪತಿ ಮೆರವಣಿಗೆಯಲ್ಲಿ ಕೇಳುವ ಹಾಡುಗಳೇ. ಹುಡುಗರು ಕುಣಿದರು, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಜೊತೆ ಬಂದಿದ್ದ ಧಾರವಾಡದ ಕಡೆಯ ಅಜ್ಜಿಯೊಬ್ಬರು ಕಾಣಿಸಲಿಲ್ಲ. ಗಾಬರಿಯಿಂದ ಹುಡುಕಿದರೆ, ಅಡುಗೆ ಡೇರೆಯ ಹಿಂದೆ ಬೋರಲು ಹಾಕಿದ ಬಕೆಟ್ ಮೇಲೆ ಕೂತಿದ್ದಾರೆ. ಎದುರಿಗೆ ನೆಲದ ಮೇಲೆ ಆ ಕಮಾಯ್ಚಾದ ಹಿರಿಯರು.

ಕಮಾಯ್ಚಾ ನೋಡದವರಿಗಾಗಿ ಹೇಳುತ್ತೇವೆ. ಮರದಲ್ಲಿ ಕೊರೆದ ದೊಡ್ಡ ಗುಂಡು ಬುರುಡೆ, ಅದರ ಬಾಯಿಗೆ ಬಿಗಿದ ಆಡಿನ ಚರ್ಮ, ಮೇಲೆ ಕರುಳಿನ ತಂತಿ, ಬಾರಿಸಲು ಉದ್ದನೆಯ ಕಮಾನು. ಪಿಟೀಲಿನಷ್ಟು ಚೂಪು ದನಿ ಅದಕ್ಕಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗಿರುತ್ತದೆ. ಆ ಗದ್ದಲದಲ್ಲಿ ಎರಡಡಿ ದೂರಕ್ಕೆ ಕೇಳಿದರೆ ಹೆಚ್ಚು. ಅಜ್ಜಿ ಬಗ್ಗಿ ಕಿವಿಯನ್ನು ಚರ್ಮದ ಹತ್ತಿರ ಹಿಡಿದಿದ್ದರು. ನಮ್ಮನ್ನು ನೋಡಿ, "ಇದನ್ನ ಕೇಳಾಕ ಬಂದೀನಪಾ ನಾ. ಇದನ್ನ ಹತ್ತು ನಿಮಿಷಕ್ಕ ಮುಗಿಸಿಬಿಟ್ರಲ್ಲ!" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಬ್ರೋಷರಿನಲ್ಲಿ "ರಾಜಸ್ಥಾನಿ ಸಂಗೀತ ಸಂಜೆ" ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದವರು ನಾವೇ.

ಈ ಮಾಂಗಣಿಯಾರರು ಮುಸ್ಲಿಮರು. ತಲೆಮಾರುಗಳಿಂದ ರಜಪೂತ ಮನೆಗಳಲ್ಲಿ ಹುಟ್ಟಿಗೆ, ಮದುವೆಗೆ ಹಾಡುತ್ತಾ ಬಂದವರು. ಆ ಮನೆಗಳೇ ಅವರ ಜಜಮಾನರು, ಅಂದರೆ ಪೋಷಕರು. ಕೃಷ್ಣನನ್ನೂ ಹಾಡುತ್ತಾರೆ, ಸೂಫಿ ಹಾಡನ್ನೂ ಹಾಡುತ್ತಾರೆ. "ನಮ್ಮ ಶರೀಫಜ್ಜನ ಮಂದಿ ಇವ್ರು" ಅಂತ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. ಮಾಂಗಣಿಯಾರ್ ವಾದಕ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಮಾಯ್ಚಾಕ್ಕೆ. ಅಂಥ ವಾದ್ಯ ಅಡುಗೆ ಡೇರೆಯ ಹಿಂದೆ!

ಈ ಸಲದಿಂದ ಸಮ್ ಬಿಟ್ಟು ಖುಡಿ ಕಡೆ ಹೋಗುತ್ತೇವೆ. ಪಟ್ಟಣದಿಂದ ನೈಋತ್ಯಕ್ಕೆ, ಹತ್ತಿರ ಹತ್ತಿರ 50 ಕಿಲೋಮೀಟರ್. ದಿಬ್ಬಗಳು ಸಮ್‌ನಷ್ಟೇ ಚೆಂದ, ಗದ್ದಲ ಕಡಿಮೆ. ಅಲ್ಲಿ ಎರಡು ಗಂಟೆ ಹಾಡು, ಮೈಕ್ ಇಲ್ಲದೆ. ಗಾಯಕರಿಗೆ ಕೊಡುವ ಹಣ ಕ್ಯಾಂಪಿನವರ ಮೂಲಕ ಹೋಗುವುದಿಲ್ಲ, ನಾವೇ ಅವರ ಕೈಗೆ ಕೊಡುತ್ತೇವೆ. ಕುಣಿಯಬೇಕೆನ್ನುವವರು ಖಂಡಿತ ಕುಣಿಯಿರಿ, ಖಡತಾಲದ ಲಯಕ್ಕೆ ಕಾಲು ಸುಮ್ನೆ ನಿಲ್ಲುವುದಿಲ್ಲ.

ಇನ್ನು ಕೋಟೆಯ ವಿಷಯ. ಇದಕ್ಕೆ ಹೆಚ್ಚು ಬೇಜಾರಾಗಿರುವುದು ನಮಗೇ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ, 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಒಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಕೋಟೆಯ ಕಿಟಕಿಯಿಂದ ಸೂರ್ಯೋದಯ ನೋಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಆ ಗುಡ್ಡದ ಬುಡ ಗಟ್ಟಿ ಬಂಡೆಯಲ್ಲ. ಮೆದು ಕಲ್ಲು, ಜೇಡಿಮಣ್ಣು. ಕೊಡದಲ್ಲಿ ನೀರು ಹೊತ್ತು ತಂದು ಅಳೆದು ಬಳಸುವ ಕಾಲಕ್ಕೆ ಕಟ್ಟಿದ ಊರು ಅದು. ಆಮೇಲೆ ನಲ್ಲಿ ಬಂತು, ಗೀಸರ್ ಬಂತು, ನಮ್ಮಂಥವರೂ ಬಂದೆವು. ಬಳಸಿದ ನೀರು ಚರಂಡಿಯಿಂದ ಸೋರಿ ಬುಡಕ್ಕೆ ಇಳಿದು ಗೋಡೆಗಳನ್ನೇ ಸಡಿಲ ಮಾಡುತ್ತಿದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. 2005ರ ಜುಲೈ 26ರಂದು ನಮ್ಮ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಬಿತ್ತು, ನೆನಪಿದೆಯಲ್ವಾ? ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚಿನ ಅವರ ಮಳೆ. ಅಂಥ ಊರಿನ ಕೋಟೆಯಲ್ಲಿ ನಮ್ಮ ಬ್ಯಾಚಿನವರು ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದರು. ಮುಂಬಯಿಯ ಬೆವರಿನ ಅಭ್ಯಾಸ, ಚಳಿಗಾಲದಲ್ಲೂ ಬಿಡುವುದಿಲ್ಲ.

ಹಾಗಾಗಿ ವಾಸ ಕೋಟೆಯ ಕೆಳಗಿನ ಪಟ್ಟಣದಲ್ಲಿ. ಮೇಲೆ ನಡೆದು ಹೋಗೋಣ, ಬೆಳಗ್ಗೆ ಜೈನ ಬಸದಿಗಳನ್ನು ನೋಡೋಣ, ಅಲ್ಲೇ ಚಹಾ ಕುಡಿಯೋಣ, ಅಲ್ಲಿನ ಅಂಗಡಿಯಲ್ಲೇ ಕೊಳ್ಳೋಣ. ಕೆಳಗಿನಿಂದ ನೋಡಿದರೆ ಸಂಜೆ ಹಳದಿ ಕಲ್ಲಿಗೆ ಬಿಸಿಲು ಬಿದ್ದು ಇಡೀ ಕೋಟೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ಕೋಟೆಯೊಳಗೆ ಉಳಿದವರಿಗೆ ಇದು ಕಾಣುವುದಿಲ್ಲ, ಇದು ನಮ್ಮ ಸಮಾಧಾನ.

ಒಂದು ದಿನ ಹೆಚ್ಚಿಸಿದ್ದು ಮುಖ್ಯವಾಗಿ ಹವೇಲಿಗಳಿಗಾಗಿ. ಹಿಂದೆ ಪಟ್ವಾ ಹವೇಲಿಯ ಮುಂದೆ ಫೋಟೋ ತೆಗೆಸಿ ಬಸ್ ಹತ್ತಿಸುತ್ತಿದ್ದೆವು. ಐದು ಮನೆಗಳ ಸಾಲು ಅದು, ಅರ್ಧ ದಿನವೂ ಸಾಲದು. ನಥಮಲ್ ಹವೇಲಿಯನ್ನು ಇಬ್ಬರು ಅಣ್ಣತಮ್ಮಂದಿರು ಕೆತ್ತಿದರು, ಒಬ್ಬ ಎಡಭಾಗ, ಇನ್ನೊಬ್ಬ ಬಲಭಾಗ ಅನ್ನುತ್ತಾರೆ. ದೂರದಿಂದ ಎರಡೂ ಕಡೆ ಒಂದೇ. ಹತ್ತಿರ ನಿಂತು ಎಡ ಬಲ ಹೋಲಿಸುತ್ತಾ ಹೋಗಿ, ಕೆತ್ತನೆ ಬೇರೆ ಬೇರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಜೀಪ್ ಓಟ ಯಾಕೆ ಬಿಟ್ಟೆವು? ಮೊದಲನೆಯದು, ನಿಮ್ಮ ಬೆನ್ನು. ಹೋದ ವರ್ಷ ಒಬ್ಬರು ವಾಪಸ್ ಬಂದು ಮೂರು ವಾರ ಬೆಲ್ಟ್ ಕಟ್ಟಿಕೊಂಡೇ ಇದ್ದರು. ಎರಡನೆಯದು, ಮರಳನ್ನು ಹಿಡಿದಿಡುವ ಸೇವಣ್ ಹುಲ್ಲು ಚಕ್ರದಡಿ ಹಾಳಾಗುತ್ತದೆ. 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ ಇರುವುದು ಆ ಭಾಗದಲ್ಲೇ. ನಮ್ಮ ಬಳ್ಳಾರಿಯ ಸಿರಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಗೆ ಕೊನೆಯ ದೊಡ್ಡ ಆಸರೆ ಜೈಸಲ್ಮೇರಿನ ಈ ಹುಲ್ಲುಗಾವಲೇ. ಅಲ್ಲಿ ಅದನ್ನು ಗೋಡಾವಣ್ ಅನ್ನುತ್ತಾರೆ.

ಒಂಟೆ ಸವಾರಿ ಇದೆ, ಬೆಳಗಿನ ಜಾವ, ಒಂದೂವರೆ ಗಂಟೆ. ಒಂಟೆಗೊಬ್ಬರೇ, ಗಂಡ ಹೆಂಡತಿ ಇಬ್ಬರನ್ನೂ ಹೇರುವುದಿಲ್ಲ. ಒಂದು ಕಿವಿಮಾತು: ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ವಿರಾರ್ ಫಾಸ್ಟ್ ಲೋಕಲ್ ರೈಲು ಸಡನ್ನಾಗಿ ಬ್ರೇಕ್ ಹಾಕಿದ ಹಾಗೆ ಮುಂದಕ್ಕೆ ಮುಗ್ಗರಿಸುತ್ತೀರಿ. ಹಿಂದಕ್ಕೆ ವಾಲಿ, ಗಟ್ಟಿಯಾಗಿ ಹಿಡಿದುಕೊಳ್ಳಿ. ಸವಾರಿ ಬೇಡದವರು ಬರಿಗಾಲಲ್ಲಿ ದಿಬ್ಬ ಹತ್ತಬಹುದು, ಬೆಳಗ್ಗೆ ಮರಳು ಫ್ರಿಜ್ಜಿನಿಂದ ತೆಗೆದ ಹಿಟ್ಟಿನಷ್ಟು ತಣ್ಣಗಿರುತ್ತದೆ.

ಊಟದಲ್ಲಿ ಸಣ್ಣ ಬದಲಾವಣೆ. ನಮ್ಮ ಅಡುಗೆಯವರು ಇನ್ನು ಜೊತೆಗೆ ಬರುವುದಿಲ್ಲ. ಮೂರನೇ ದಿನ "ಅನ್ನ ಸಾರು ಎಲ್ಲಿ?" ಅಂತ ಕೇಳದ ಬ್ಯಾಚು ಇಲ್ಲ, ಗೊತ್ತು. ಅದಕ್ಕೇ ನಾಲ್ಕನೇ ರಾತ್ರಿಗೆ ಅನ್ನ ಸಾರು ಖಾತ್ರಿ. ಉಳಿದ ದಿನ ದಾಲ್ ಬಾಟಿ, ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ. ವಿಜಯಪುರ, ಕಲಬುರಗಿ ಕಡೆಯವರಿಗೆ ಸಜ್ಜೆ ರೊಟ್ಟಿ ಹೊಸದೇನಲ್ಲ. ಸಾಂಗ್ರಿ ಅಂದರೆ ಖೇಜಡಿ ಮರದ ಕಾಯಿ. ಖೇಜಡಿ ಬೇರೆ ಯಾವುದೂ ಅಲ್ಲ, ನಾವು ದಸರೆಗೆ ಪೂಜೆ ಮಾಡುವ ಬನ್ನಿ ಮರವೇ.

ಈಗ ಲೆಕ್ಕ. ಹೆಚ್ಚಾದ 4,300ರಲ್ಲಿ ಒಂದು ರಾತ್ರಿಯ ಹೆಚ್ಚುವರಿ ವಾಸ, ಊಟಕ್ಕೆ 1,600. ದೊಡ್ಡ ಬಸ್ ಬಿಟ್ಟು ಸಣ್ಣ ಗಾಡಿ ಮಾಡುವುದರಿಂದ 1,100. ಗಾಯಕರಿಗೆ 900. ಉಳಿದ 700 ಒಂಟೆಯವರಿಗೆ ಮತ್ತು ಹವೇಲಿಯ ಸ್ಥಳೀಯ ಗೈಡ್‌ಗೆ. ಬ್ಯಾಚು 32ರಿಂದ 18 ಜನಕ್ಕೆ ಇಳಿದಿರುವುದರಿಂದ ತಲೆಗೆ ಖರ್ಚು ಜಾಸ್ತಿ ಬೀಳುತ್ತದೆ, ಇದರಲ್ಲಿ ಮುಚ್ಚಿಡುವುದೇನಿಲ್ಲ. ಹಳೆಯ ದರದಲ್ಲಿ ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಬದಲಾವಣೆ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್.

ರೈಲಿನ ಮಾತು ಒಂದು ಬಾಕಿ. 2024ರ ನವೆಂಬರ್‌ನಿಂದ ಮುಂಗಡ ಟಿಕೆಟ್ 120 ದಿನ ಮೊದಲು ಸಿಗುವುದಿಲ್ಲ, 60 ದಿನ ಮೊದಲು ಮಾತ್ರ. ಹಾಗಾಗಿ ಹೆಸರು ಕೊಡುವಾಗ 5,000 ರೂಪಾಯಿ ಸಾಕು. ಬಾಂದ್ರಾದಿಂದ ಜೋಧಪುರದ ಟಿಕೆಟ್ ಕೈಗೆ ಬಂದ ಮೇಲೆ ಉಳಿದದ್ದು. ವೇಟಿಂಗ್ ಬಂದವರನ್ನು ಒತ್ತಾಯ ಮಾಡಿ ಹೊರಡಿಸುವುದಿಲ್ಲ. ಜೋಧಪುರದಿಂದ ಪೋಖರಣ್ ದಾರಿಯಲ್ಲಿ ಸಣ್ಣ ಗಾಡಿ, ಐದಾರು ಗಂಟೆ. ಮಾಘ ಹುಣ್ಣಿಮೆಗೆ ಜೈಸಲ್ಮೇರಿನಲ್ಲಿ ನಡೆಯುವ ಮರು ಮಹೋತ್ಸವಕ್ಕೆ, ಅಂದರೆ ಮರುಭೂಮಿಯ ಉತ್ಸವಕ್ಕೆ, ಈ ವರ್ಷ ನಾವು ಹೋಗುವುದಿಲ್ಲ. ಮೀಸೆ ಸ್ಪರ್ಧೆ ನೋಡಲೇಬೇಕು ಅನ್ನುವವರು ಆರು ಜನ ಸೇರಿದರೆ ಬೇರೆ ವ್ಯವಸ್ಥೆ ಮಾಡಿಕೊಡುತ್ತೇವೆ.

ಹೆಸರು ಕೊಡುವವರು ಆಧಾರ್ ಪ್ರತಿ ತೆಗೆದುಕೊಂಡು ಸಂಜೆ ಐದರ ಮೇಲೆ ಆಫೀಸಿಗೆ ಬನ್ನಿ. ಡಿಸೆಂಬರ್, ಜನವರಿಯ ರಾತ್ರಿ ಅಲ್ಲಿ ಹಲ್ಲು ಕಡಿಯುವ ಚಳಿ. ಮುಂಬಯಿಯಲ್ಲಿ ಸ್ವೆಟರ್ ಯಾರ ಹತ್ತಿರ ಇರುತ್ತದೆ ಹೇಳಿ? ಇಲ್ಲದವರು ಮೊದಲೇ ತಿಳಿಸಿ. ಹೋದ ವರ್ಷದವರು ಮರೆತುಹೋದ ನಾಲ್ಕು ನಮ್ಮ ಕಪಾಟಿನಲ್ಲಿವೆ, ಒಗೆಸಿ ಇಟ್ಟಿದ್ದೇವೆ.

ಇಂತಿ,
ನಿಮ್ಮ ಮಾಟುಂಗಾ ಪ್ರವಾಸ ಕಚೇರಿಯವರು