ವೈವಾ ಮುಗಿಯಿತು, ಚಿಕ್ಕಮ್ಮ

ಹೋದ ವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಕನ್ನಡ ಓದುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹಾರುತ್ತದೆ ಅಂತ ಇಷ್ಟು ವರ್ಷ ನೋಡುತ್ತಾ ಕೂತಿದ್ದವನು ಈಗ ಡಾಕ್ಟರ್. (ಕನ್ನಡಕದ ನಂಬರ್ ಕೇಳಬೇಡಿ, ಅದು ಬೇರೆ ಡಾಕ್ಟರ್.)

ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ, ಗದ್ದವನ್ನು ಸ್ಟ್ಯಾಂಡಿಗೆ ಆನಿಸಿ ಅಲ್ಲಾಡದೆ ಕೂತು ಓದಿಕೊಟ್ಟ ಹಾಸನ, ಆಲೂರು, ಬೇಲೂರಿನ ಎಲ್ಲರಿಗೂ ಧನ್ಯವಾದ. ಉಳಿದದ್ದೆಲ್ಲ ಸಾಲಗಾಮೆ ರಸ್ತೆಯ ನಮ್ಮ ಚಿಕ್ಕಮ್ಮನಿಗೆ.

ಪಿಎಚ್.ಡಿ. ಸಾಕಪ್ಪಾ ಅನ್ನಿಸಿದ ಒಂದು ರಾತ್ರಿ ಅವರ ಮನೆಯಲ್ಲಿದ್ದೆ. ಬಿಟ್ಟುಬಿಡುತ್ತೇನೆ ಅಂತ ಗೈಡ್‌ಗೆ ಮೇಲ್ ಬರೆದಿಟ್ಟುಕೊಂಡಿದ್ದೆ. ಚಿಕ್ಕಮ್ಮ ಬೇಡ ಅನ್ನಲಿಲ್ಲ. "ಬೆಳಗ್ಗೆ ಕಳಿಸು, ಈಗ ಯಾರು ಓದ್ತಾರೆ" ಅಂದು ಉಪ್ಪಿಟ್ಟು ಮಾಡಿದರು. ಆಮೇಲೆ, "ಇಷ್ಟು ದಿನ ಅದೇನು ನೋಡ್ತಿದ್ದೆ, ನಂಗೂ ಒಂದ್ಸಲ ತೋರ್ಸೋ" ಅಂದರು.

ಸುಮ್ನೆ ಸಮಾಧಾನಕ್ಕೆ ಕೇಳುತ್ತಿದ್ದಾರೆ ಅಂದುಕೊಂಡೆ. ಕನ್ನಡಿ ಮುಂದೆ ನಿಲ್ಲಿಸಿದೆ. ಎಡಗಣ್ಣು ನೋಡಿ, ಬಲಗಣ್ಣು ನೋಡಿ, ಕಣ್ಣು ಅಲ್ಲಾಡಿದ್ದು ಕಾಣಿಸ್ತಾ? ಇಲ್ಲ. ಪಕ್ಕದಲ್ಲಿ ನಿಂತ ನನಗೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಹಾರುತ್ತದೆ. ಹಾರುವಾಗಿನ ಮಸುಕನ್ನು ಮಿದುಳು ನಮ್ಮ ಗಮನಕ್ಕೇ ತರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರೇಮಂಡ್ ಡಾಜ್ 1900ರಲ್ಲೇ ಇದರ ಬಗ್ಗೆ ಬರೆದಿದ್ದರು.

ಚಿಕ್ಕಮ್ಮ ಅಷ್ಟಕ್ಕೆ ಬಿಡಲಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾ ಹಾಕಿಕೊಂಡು ನೋಡಿದರು. "ಇದ್ರಲ್ಲಿ ಕಾಣ್ತದಲ್ಲೋ! ಯಾಕೆ?"

ಫೋನು ಚಿತ್ರವನ್ನು ಒಂಚೂರು ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಕಣ್ಣು ಹಾರಿ ಬಂದು ಕೂತಿರುತ್ತದೆ, ಹಾಗಾಗಿ ತಾನು ಹಾರಿದ್ದು ಅದಕ್ಕೆ ಕಾಣುತ್ತದೆ. ಇದನ್ನು ಹೇಳಲು ಪೆನ್ನು ಕಾಗದ ತಗೊಂಡೆ. ಬೆಳಗಿನ ಜಾವದವರೆಗೂ ಪ್ರಶ್ನೆ ಮೇಲೆ ಪ್ರಶ್ನೆ. ಒತ್ತಕ್ಷರ ಬಂದರೆ ಕಣ್ಣು ಜಾಸ್ತಿ ಹೊತ್ತು ನಿಲ್ಲುತ್ತಾ ಅಂತಲೂ ಕೇಳಿದರು. ಅದು ನನ್ನ ಮೂರನೇ ಅಧ್ಯಾಯ!

ನಡುವೆ ಅತ್ತುಬಿಟ್ಟೆ. ಜೋರಾಗಿಯೇ ಅತ್ತೆ, ಪಕ್ಕದ ಮನೆಗೂ ಕೇಳಿಸಿರಬೇಕು. ನಾಚಿಕೆ, ಸಿಟ್ಟು, ಸುಸ್ತು, ಎಲ್ಲ ಒಟ್ಟಿಗೆ. ಚಿಕ್ಕಮ್ಮ ಏನೂ ಅನ್ನದೆ ಕಾದರು. ನಾನು ಮೂಗು ಒರೆಸಿಕೊಂಡ ಮೇಲೆ "ಹೂಂ, ಎಲ್ಲಿದ್ವಿ?" ಅಂದರು. ಅವತ್ತು ಯಾರಾದರೂ ಧೈರ್ಯ ಹೇಳಿದ್ದರೆ ಆ ಮೇಲ್ ಕಳಿಸಿಬಿಡುತ್ತಿದ್ದೆ ಅನ್ನಿಸುತ್ತದೆ. ಬೆಳಗ್ಗೆ ಅದು ನೆನಪಾಗುವ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ, ಲ್ಯಾಬಿಗೆ ಹೊರಟಿದ್ದೆ.

ಥೀಸಿಸ್‌ನಲ್ಲಿ ಅವರಿಗೆ ಒಂದೇ ಸಾಲು ಸಿಕ್ಕಿದೆ. ಅಲ್ಲಿ ಅಷ್ಟೇ ಜಾಗ.

ಓದಿಕೊಟ್ಟವರಿಗೆ ನಿಮ್ಮ ಕಣ್ಣು ಓಡಾಡಿದ ಜಾಡಿನ ಚಿತ್ರ ಕೊಡುತ್ತೇನೆ ಅಂದಿದ್ದೆನಲ್ಲ, ಪ್ರಿಂಟ್ ಹಾಕಿಸಿದ್ದೇನೆ. ಚಿಕ್ಕಮ್ಮನ ಮನೆಯಲ್ಲಿದೆ, ಬಂದು ತಗೊಳ್ಳಿ. ಅರ್ಥವಾಗದಿದ್ದರೆ ಅವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.