ವೀಲ್ ಪಾನಾ ತುಳಿಯುವ ಮೊದಲು

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿಕೊಂಡು, ಚಕ್ರದ ನಟ್ ಬಿಚ್ಚಲು ವೀಲ್ ಪಾನಾ ಎಂಬ ಸ್ಪ್ಯಾನರಿನ ಮೇಲೆ ಹತ್ತಿ ಕುಣಿಯುವವರು ಮಂಡ್ಯ, ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತಾರೆ. ಸ್ಟೆಪ್ನಿ ಇರುತ್ತದೆ, ಜಾಕ್ ಇರುತ್ತದೆ, ನಟ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ನಾಲ್ಕು ಸಲ ಒದೆಯುವಷ್ಟರಲ್ಲಿ ನಟ್‌ನ ಮೂಲೆಗಳು ಸವೆದು ಗುಂಡಗಾಗುತ್ತವೆ. ಗ್ಯಾರೇಜಿಗೆ ಬರುವ ಕೆಟ್ಟ ನಟ್‌ಗಳಲ್ಲಿ ಬಹುಪಾಲು ತುಕ್ಕು ತಿಂದವಲ್ಲ, ಬಿಚ್ಚಲು ಹೋದವರು ಕೆಡಿಸಿದವು. ವಾಹನ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ತಪ್ಪು ಶುರುವಾಗುವುದು ಟೈರ್ ಅಂಗಡಿಯಲ್ಲಿ ನಟ್ ಬಿಗಿಯುವ ಗಾಳಿ ಗನ್‌ನಿಂದ. ಸಣ್ಣ ಕಾರುಗಳ ವೀಲ್ ನಟ್‌ಗೆ ಬೇಕಾದ ಬಿಗಿ ಸಾಮಾನ್ಯವಾಗಿ 9ರಿಂದ 11 ಕೆಜಿ-ಮೀಟರ್ (ಒಂದು ಮೀಟರ್ ಉದ್ದದ ಪಾನಾ ತುದಿಗೆ ಅಷ್ಟು ಕಿಲೋ ಭಾರ), ಅಂದರೆ ಸುಮಾರು 90ರಿಂದ 110 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. ಸಾಧಾರಣ ಗನ್ ಕೂಡ 50 ಕೆಜಿ-ಮೀಟರ್ ದಾಟಬಲ್ಲದು. ಹುಡುಗ ಟ್ರಿಗರ್ ಬಿಡುವುದು ಎರಡು ಸೆಕೆಂಡು ತಡವಾದರೆ ನಟ್ 30ರ ಮೇಲೆ ಕೂತಿರುತ್ತದೆ. ಇನ್ನು ಕಾರಿನ ಜೊತೆ ಬರುವ ಪಾನಾ ಒಂದು ಅಡಿ ಉದ್ದವಿದ್ದರೆ ಹೆಚ್ಚು. ಅದರ ತುದಿಯಲ್ಲಿ 60 ಕಿಲೋದ ಆಳು ಪೂರ್ತಿ ಭಾರ ಬಿಟ್ಟರೂ ಸಿಗುವುದು 18 ಕೆಜಿ-ಮೀಟರ್. ನಟ್ ಕದಲದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದೇ ಪಾನಾಕ್ಕೆ ಗಟ್ಟಿ ಕಬ್ಬಿಣದ ಪೈಪ್ ತೂರಿಸಿ ಉದ್ದವನ್ನು ಎರಡೂವರೆ ಅಡಿ ಮಾಡಿಕೊಂಡರೆ 40 ಕಿಲೋ ಭಾರಕ್ಕೇ 30 ದಕ್ಕುತ್ತದೆ. ಒದೆಯುವುದಕ್ಕೂ ನಿಧಾನವಾಗಿ ಒತ್ತುವುದಕ್ಕೂ ಬಹಳ ವ್ಯತ್ಯಾಸವಿದೆ. ಒದ್ದಾಗ ಪಾನಾ ಓರೆಯಾಗಿ ನಟ್‌ನ ಮೂಲೆ ಹಾರುತ್ತದೆ, ಕೆಲವೊಮ್ಮೆ ಒದ್ದವರ ಮೊಣಕಾಲೂ.

ಮೊದಲು ಗಾಡಿ ಗಟ್ಟಿ, ಸಮ ನೆಲದಲ್ಲಿರಲಿ. ಹೆದ್ದಾರಿಯಲ್ಲಾದರೆ ಎಡ ಅಂಚಿಗೆ ಪೂರ್ತಿ ಸರಿಸಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಡಿ. ಜಾಗ ಸರಿಯಿಲ್ಲದಿದ್ದರೆ ನಟ್ ಮುಟ್ಟುವ ಬದಲು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡುವುದೇ ಲೇಸು. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ. ನಟ್‌ನ ಬಿಗಿ ಬಿಡಿಸುವುದು ಚಕ್ರ ನೆಲದ ಮೇಲಿರುವಾಗ. ಜಾಕ್ ಏರಿಸಿದ ಮೇಲೆ ಪಾನಾ ತುಳಿದರೆ ಗಾಡಿ ಜಾಕ್ ಬಿಟ್ಟು ಜಾರುತ್ತದೆ.

ನಟ್ ಮೇಲೆ ಕೂರುವ ಪಾನಾದ ಬಾಯಿ, ಅಂದರೆ ಸಾಕೆಟ್ ವಿಚಾರದಲ್ಲಿ ಉದಾಸೀನ ಬೇಡ. ಮಾರುತಿ ಕಾರುಗಳಿಗೆ ಸಾಮಾನ್ಯವಾಗಿ 19 ಮಿಲಿಮೀಟರ್, ಹ್ಯುಂಡೈಗೆ 21. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ನಟ್ ಇರುವುದೇ ಇಲ್ಲ, 17ರ ಬೋಲ್ಟ್. ಒಳಗೆ ಆರೇ ಮೂಲೆ ಇರುವ ಸಾಕೆಟ್ ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ನಟ್‌ನ ತುದಿಯನ್ನಷ್ಟೇ ಹಿಡಿಯುವುದರಿಂದ ಬೇಗ ಜಾರುತ್ತದೆ. ಅಲಾಯ್ ಚಕ್ರದ ಗುಳಿಯಲ್ಲಿ ಮಣ್ಣು ತುಂಬಿದ್ದರೆ ಸಾಕೆಟ್ ಅರ್ಧಕ್ಕೇ ನಿಲ್ಲುತ್ತದೆ. ಗದ್ದೆ ದಾರಿಯಲ್ಲಿ, ಕಬ್ಬಿನ ಹಾದಿಯಲ್ಲಿ ಓಡುವ ಗಾಡಿಗಳಲ್ಲಿ ಇದು ಖಾಯಂ. ಮೊಳೆಯಿಂದ ಕೆರೆದು ತೆಗೆದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಾಕೆಟನ್ನು ತಳಮುಟ್ಟ ಕೂರಿಸಿ.

ತುಕ್ಕು ಕಾಣಿಸಿದರೆ ಡಬ್ಲ್ಯೂಡಿ-40 ಅಥವಾ ಅಂಥದೇ ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ ಮತ್ತು ಸ್ಟಡ್ (ನಟ್ ಕೂರುವ ಕಡ್ಡಿ) ಸೇರುವ ಜಾಗಕ್ಕೆ ಬಿಟ್ಟು, ನಟ್‌ನ ನೆತ್ತಿಗೆ ನಾಲ್ಕಾರು ಏಟು ಕೊಟ್ಟು, ಅರ್ಧ ಗಂಟೆ ಸುಮ್ಮನಿರಿ. ಎಣ್ಣೆ ಹಾಕಿದ ಕೂಡಲೇ ತಿರುಗಿಸಿದರೆ ಹಾಕಿದ್ದೇ ದಂಡ. ಬ್ರೇಕ್ ಡಿಸ್ಕ್ ಮೇಲೆ ಸಿಡಿಯದಂತೆ ಬಟ್ಟೆ ಅಡ್ಡ ಇಡಿ. ಕದಲದಿದ್ದರೆ ಒಂದಿಷ್ಟು ಬಿಗಿಯುವ ಕಡೆಗೆ ಒತ್ತಿ ನೋಡಿ. ಕೂದಲೆಳೆಯಷ್ಟು ಆ ಕಡೆ ಸರಿದರೆ ತುಕ್ಕಿನ ಹಿಡಿತ ಒಡೆದಂತೆ, ಆಮೇಲೆ ಬಿಚ್ಚುವುದು ಸಲೀಸು. ಹಳೆಯ ಜೀಪು, ಲಾರಿಗಳಿದ್ದರೆ ಇನ್ನೊಂದು ಎಚ್ಚರ: ಎಡಗಡೆಯ ಚಕ್ರಗಳಿಗೆ ಉಲ್ಟಾ ಥ್ರೆಡ್ ಇರಬಹುದು. ಸ್ಟಡ್‌ನ ತುದಿಯಲ್ಲಿ ‘ಎಲ್’ ಗುರುತು ಕಂಡರೆ ಬಿಚ್ಚುವ ದಿಕ್ಕೇ ಬೇರೆ. ಗೊತ್ತಿಲ್ಲದವರು ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿದೂ ಬಿಗಿದೂ ಸ್ಟಡ್ ಮುರಿಯುತ್ತಾರೆ.

ಮೂಲೆ ಹೋದ ನಟ್‌ಗೆ ನಮ್ಮ ಕೈಯಲ್ಲಿ ಹೆಚ್ಚು ಸಲ ಗೆದ್ದಿರುವ ಉಪಾಯ ಒಂದಳತೆ ಚಿಕ್ಕ ಸಾಕೆಟ್. 19ರ ನಟ್ ಸವೆದಿದ್ದರೆ 18, ಅದೂ ಜಾರಿದರೆ 17. ಎರಡು ಪೌಂಡಿನ ಸುತ್ತಿಗೆಯಿಂದ ನೇರವಾಗಿ ಹೊಡೆದು ಕೂರಿಸಿ, ಉದ್ದನೆ ರಾಡಿನಿಂದ ಒಂದೇ ಸಮನೆ ಒತ್ತಬೇಕು. ಒಳಗೆ ತಿರುಚು ಹಲ್ಲಿರುವ, ಕೆಟ್ಟ ನಟ್ ತೆಗೆಯಲೆಂದೇ ಮಾಡಿದ ಸಾಕೆಟ್ ಸೆಟ್ ಸಿಗುತ್ತದೆ. ತಿರುಗಿಸಿದಷ್ಟೂ ಬಿಗಿಯಾಗಿ ಕಚ್ಚುತ್ತದೆ. ಹೊರಬಂದ ನಟ್ ಸಾಕೆಟ್‌ನಲ್ಲೇ ಸಿಕ್ಕಿಕೊಂಡರೆ ಹಿಂಬದಿಯಿಂದ ಕಂಬಿ ಇಟ್ಟು ಹೊಡೆದು ಬೀಳಿಸಿ. ಮೇಲೆ ಹೊಳೆಯುವ ಸ್ಟೀಲ್ ತಗಡಿನ ಟೋಪಿ ಇರುವ ನಟ್‌ಗಳದ್ದು ಬೇರೆ ರಗಳೆ. ತಗಡಿನಡಿ ತುಕ್ಕು ಸೇರಿ ಟೋಪಿ ಉಬ್ಬುತ್ತದೆ. ಇದ್ದ ಸಾಕೆಟ್ ಹಿಡಿಸುವುದಿಲ್ಲ, ಮುಂದಿನದು ಸಡಿಲ. ಉಳಿಯಿಂದ ಟೋಪಿ ಸೀಳಿ ಕಿತ್ತೆಸೆದರೆ ಒಳಗೆ ಸರಿಯಾದ ಆರು ಮೂಲೆಯ, ಒಂದೆರಡು ಮಿಲಿಮೀಟರ್ ಚಿಕ್ಕ ನಟ್ ಸಿಗುತ್ತದೆ. ಅಂಥ ನಟ್ ಮತ್ತೆ ಹಾಕಬೇಡಿ.

ಉಳಿಯಿಂದ ನಟ್‌ನ ಅಂಚಿಗೆ ಕಚ್ಚು ಹಾಕಿ ತಿರುಗಿಸುವ ಹಳೆಯ ವಿದ್ಯೆ ಕಬ್ಬಿಣದ ಚಕ್ರಕ್ಕೆ ಸರಿ. ಅಲಾಯ್‌ನ ಗುಳಿಯೊಳಗೆ ಉಳಿಗೆ ಜಾಗವಿಲ್ಲ, ಚಕ್ರವೇ ಹಾಳು. ಅಲ್ಲಿ ಕೊನೆಯ ದಾರಿ ವೆಲ್ಡಿಂಗ್: ಸವೆದ ನಟ್ ಮೇಲೆ ಬೇರೊಂದು ನಟ್ ಬೆಸೆದು ಅದಕ್ಕೆ ಪಾನಾ ಹಾಕುವುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮಾಡುವವರೂ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ವೆಲ್ಡಿಂಗ್ ಯಂತ್ರದ ಅರ್ಥ್ ಕ್ಲಾಂಪನ್ನು ಅದೇ ಚಕ್ರದ ಪಕ್ಕದ ನಟ್‌ಗೆ ಹಾಕಬೇಕು. ಗಾಡಿಯ ಬಾಡಿ ಮೇಲೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಕೆಡಿಸುತ್ತದೆ. ಬೆಂಕಿ ಮುಟ್ಟಿಸುವ ಮೊದಲು ವಾಲ್ವ್ ಪಿನ್ ತೆಗೆದು ಟೈರಿನ ಗಾಳಿ ಪೂರ್ತಿ ಬಿಡಬೇಕು. ಗಾಳಿ ತುಂಬಿದ ಟೈರಿನ ಚಕ್ರಕ್ಕೆ ಗ್ಯಾಸ್ ಟಾರ್ಚ್ ಹಿಡಿದರೆ ಟೈರ್ ಸಿಡಿದು ಜೀವ ಹೋಗಬಹುದು. ಆಗಷ್ಟೇ ಎಣ್ಣೆ ಬಿಟ್ಟ ನಟ್‌ಗಂತೂ ಬೆಂಕಿ ತೋರಿಸಲೇಬಾರದು.

ನಟ್ ತಿರುಗುತ್ತಿದೆ, ಆದರೆ ಹೊರಗೆ ಬರುತ್ತಿಲ್ಲ ಅಂದರೆ ಸ್ಟಡ್ಡೇ ಹಬ್‌ನಲ್ಲಿ (ಚಕ್ರ ಕೂರುವ ನಡುಭಾಗದಲ್ಲಿ) ಸುತ್ತುತ್ತಿದೆ ಎಂದರ್ಥ. ಸ್ಟಡ್‌ನ ಬುಡದ ಗೆರೆಹಲ್ಲುಗಳು ಸವೆದುಹೋಗಿವೆ. ಅಲ್ಲಿಗೆ ನಿಲ್ಲಿಸಿ. ಅದನ್ನು ಕೊರೆದೋ ಕತ್ತರಿಸಿಯೋ ತೆಗೆಯುವುದು ಗ್ಯಾರೇಜ್ ಕೆಲಸ. ಹೊಸ ಸ್ಟಡ್ ದುಬಾರಿಯಲ್ಲ, ಆದರೆ ಹಬ್‌ನ ರಂಧ್ರ ಅಗಲವಾಗಿದೆಯೇ ಎಂದು ನೋಡಿಸಿಕೊಳ್ಳಿ. ಅಗಲವಾಗಿದ್ದರೆ ಹೊಸ ಸ್ಟಡ್ ಕೂಡ ಸುತ್ತುತ್ತದೆ, ಹಬ್ಬೇ ಬದಲಿಸಬೇಕಾಗುತ್ತದೆ. ನಾಲ್ಕು ನಟ್‌ನ ಕಾರನ್ನು ಮೂರರಲ್ಲಿ ಓಡಿಸುವ ಧೈರ್ಯ ಬೇಡ.

ಕಳ್ಳರ ಕಾಟಕ್ಕೆ ಹಾಕಿಸುವ ಲಾಕ್ ನಟ್‌ನ ಕೀಯನ್ನು ಸ್ಟೆಪ್ನಿ ಜೊತೆಗೇ ಇಡಿ. ಆ ಕೀ ಮೇಲೆ ಯಾರಿಗೂ ಗನ್ ಹಿಡಿಯಲು ಬಿಡಬೇಡಿ. ಒಳಗಿನ ಸಣ್ಣ ಹಲ್ಲು ಮುರಿದರೆ ಮುಂದಿನ ಪಂಕ್ಚರ್ ದಿನ ನಿಮಗೆ ಟೋಯಿಂಗೇ ಗತಿ.

ಮತ್ತೆ ಹಾಕುವಾಗ ಥ್ರೆಡ್‌ಗೆ ತಂತಿ ಬ್ರಷ್ ಹೊಡೆದು ಒಣಗಿಸಿ. ‘ಮುಂದಿನ ಸಲ ಸಲೀಸಾಗಲಿ’ ಎಂದು ಗ್ರೀಸ್ ಸವರುವವರು ಬಹಳ. ಗ್ರೀಸ್ ಇದ್ದರೆ ಅಷ್ಟೇ ಬಿಗಿಗೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. ಕಂಪನಿ ಕೊಟ್ಟ ಅಂಕಿ ಒಣ ಥ್ರೆಡ್‌ನದು. ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದ ನಟ್ ಓರೆ ಕಚ್ಚಿದೆ, ಪಾನಾ ಹಾಕಿ ಒತ್ತಾಯ ಮಾಡಿದರೆ ಥ್ರೆಡ್ ಹೋಗುತ್ತದೆ. ನಂತರ ಎದುರುಬದುರಿನ ನಟ್‌ಗಳನ್ನು ಒಂದಾದ ಮೇಲೊಂದರಂತೆ ಬಿಗಿಯಿರಿ. ಟೈರ್ ಅಂಗಡಿಯಲ್ಲಿ ‘ಗನ್ನಲ್ಲಿ ಸುಮ್ನೆ ಕೂರ್ಸಪ್ಪ, ಕೊನೇದು ಟಾರ್ಕ್ ರೆಂಚಲ್ಲಿ ಮಾಡು’ ಎಂದು ಎದುರಿಗೆ ನಿಂತು ಹೇಳಿ. ಬಿಗಿ ಅಳೆಯುವ ಆ ರೆಂಚ್ ಇಲ್ಲ ಎಂದರೆ ಗಾಡಿಯ ಪಾನಾದಲ್ಲೇ, ಕೈಯಿಂದ, ಮೈಭಾರ ಹಾಕದೆ ಬಿಗಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಮಂಡ್ಯದಿಂದ ಮೈಸೂರಿಗೆ ಹೋಗಿ ಬಂದರೆ ಆ ಲೆಕ್ಕ ಆಯಿತು. ಬಂದ ಕೂಡಲೇ ಬೇಡ, ಚಕ್ರ ತಣ್ಣಗಾದ ಮೇಲೆ ನೋಡಿ.

– ಗ್ಯಾರೇಜ್ ಕೆಲಸಗಾರರು, ಮಂಡ್ಯ